ಹುಬ್ಬಳ್ಳಿಯಲ್ಲಿ ಟೆಸ್ಟ್ ರೈಡ್ ಕ್ಯಾಂಪ್: ಹತ್ತು ನಿಮಿಷದಲ್ಲಿ ಗಾಡಿ ತಿಳಿಯುವುದು ಹೇಗೆ

ಕಂಪನಿಯವರ ಟೆಸ್ಟ್ ರೈಡ್ ಕ್ಯಾಂಪಿನಲ್ಲಿ ಗಾಡಿ ನಿಮ್ಮ ಕೈಯಲ್ಲಿ ಇರುವುದು ಹತ್ತು ನಿಮಿಷ, ಜಾಸ್ತಿ ಅಂದರೆ ಹದಿನೈದು. ಆಮೇಲೆ ಅದೇ ಗಾಡಿಗೆ ಎರಡು-ಮೂರು ಲಕ್ಷ ಕೊಟ್ಟು ಏಳೆಂಟು ವರ್ಷ ಓಡಿಸಬೇಕು. ಆ ಹತ್ತು ನಿಮಿಷವನ್ನು ಬಹಳ ಜನ ಥ್ರಾಟಲ್ ತಿರುವಿ ಸೈಲೆನ್ಸರ್ ಸದ್ದು ಕೇಳುವುದರಲ್ಲೇ ಕಳೆಯುತ್ತಾರೆ. ಹೀಗೆ ಗಾಡಿ ತಗೊಂಡು ಆರೇ ತಿಂಗಳಿಗೆ ಬೆನ್ನು ನೋವು ಅಂತಲೋ, ಮನೆಯವರಿಗೆ ಹಿಂದೆ ಕೂರಲು ಆಗುವುದಿಲ್ಲ ಅಂತಲೋ ಮಾರಿದ ಗೆಳೆಯರು ನನಗೆ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನೀವು ದಿನಾ ಗಾಡಿಯಿಂದ ಮಾಡಿಸುವ ಕೆಲಸ ಏನಿದೆಯೋ ಅದನ್ನೇ ಆ ಹತ್ತು ನಿಮಿಷದಲ್ಲಿ ಮಾಡಿಸಿ ನೋಡಿ. ಟಾಪ್ ಸ್ಪೀಡ್, ಮೈಲೇಜ್, ಲೈಟಿನ ಬಣ್ಣ, ಇವೆಲ್ಲ ಮನೆಯಲ್ಲಿ ಕೂತು ಯೂಟ್ಯೂಬಿನಲ್ಲೇ ನೋಡಬಹುದು.

ನಮ್ಮ ಕಡೆ ಈ ಕ್ಯಾಂಪ್ ಒಂದೇ ತರಹ ಇರುವುದಿಲ್ಲ. ಶೋರೂಮಿನ ಮುಂದೆ ನಾಲ್ಕು ಗಾಡಿ ನಿಲ್ಲಿಸಿ, ಭಾನುವಾರ ಬೆಳಗ್ಗೆಯಿಂದ ಒಬ್ಬೊಬ್ಬರಿಗೇ ಕೊಡುವುದು ಒಂದು. ಮೈದಾನದಲ್ಲಿ ಕೋನ್ ಇಟ್ಟು, ಮಣ್ಣಿನ ದಿಬ್ಬ ಹಾಕಿ ಓಡಿಸಲು ಕೊಡುವುದು ಇನ್ನೊಂದು. ಇನ್ನು ಗೋವಾದ ವಾಗತೂರಿನಲ್ಲಿ ರಾಯಲ್ ಎನ್‌ಫೀಲ್ಡ್‌ನವರು ಮಾಡುವ ಮೋಟೋವರ್ಸ್, ಅಂದರೆ ಮೊದಲಿನ ರೈಡರ್ ಮೇನಿಯಾ, ಅಂಥ ದೊಡ್ಡ ಜಾತ್ರೆಗಳಿವೆ. ಅಲ್ಲಿಗೆ ಹೋಗಿ, ಖುಷಿಪಡಿ. ಆದರೆ ಗಾಡಿ ಆರಿಸಲು ನನ್ನ ಪ್ರಕಾರ ಊರಿನ ಕ್ಯಾಂಪೇ ಮೇಲು. ನೀವು ಓಡಿಸುವುದು ನಿಮ್ಮೂರಿನ ರಸ್ತೆಯಲ್ಲಿ ಅಲ್ವಾ?

ಹೆಸರು ಬರೆಸುವುದು ಕಷ್ಟವಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಅಥವಾ ಶೋರೂಮಿನವರ ವಾಟ್ಸ್ಆ್ಯಪ್‌ನಲ್ಲಿ ಆಗುತ್ತದೆ. ಆದರೆ ಹಿಂದಿನ ದಿನ ಸಂಜೆ ಒಂದು ಫೋನ್ ಮಾಡಿ, ನಿಮಗೆ ಬೇಕಾದ ಮಾಡೆಲ್, ಅದರಲ್ಲೂ ಅದೇ ವೇರಿಯಂಟ್, ನಾಳೆ ಖಂಡಿತ ಬರುತ್ತದೆಯೇ ಅಂತ ಕೇಳಿಕೊಳ್ಳಿ. ಗದಗ, ಹಾವೇರಿಯಿಂದ ಬರುವವರಂತೂ ಇದನ್ನು ಬಿಡಲೇಬಾರದು. ಗದಗದಿಂದ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ ಅದಕ್ಕಿಂತ ಜಾಸ್ತಿ ಓಡಿಸಿಕೊಂಡು ಬಂದ ಮೇಲೆ "ಸರ್, ಆ ಗಾಡಿ ಇವತ್ತು ಬೆಳಗಾವಿಗೆ ಹೋಗಿದೆ" ಅನ್ನುವ ಮಾತು ಕೇಳಿಸಿಕೊಳ್ಳಬಾರದು. ಸ್ಲಾಟ್ ಕೇಳುವಾಗ ಮೊದಲನೆಯದೇ ಕೇಳಿ. ಬೆಳಗ್ಗೆ ರಸ್ತೆ ಖಾಲಿ ಇರುತ್ತದೆ, ಹುಡುಗರಿಗೆ ಮಾತಾಡಲು ವ್ಯವಧಾನ ಇರುತ್ತದೆ, ಕ್ಲಚ್ಚನ್ನು ಇನ್ನೂ ಇಪ್ಪತ್ತು ಜನ ಸುಟ್ಟಿರುವುದಿಲ್ಲ. ಒಂದೇ ತೊಂದರೆ ಅಂದರೆ ಆ ಹೊತ್ತಿನಲ್ಲಿ ಎಂಜಿನ್ ಶಾಖ ಎಷ್ಟು ಅನ್ನುವುದು ತಿಳಿಯುವುದಿಲ್ಲ, ಅದಕ್ಕೆ ದಾರಿ ಮುಂದೆ ಹೇಳುತ್ತೇನೆ.

ಲೈಸೆನ್ಸ್ ಇಟ್ಟುಕೊಳ್ಳಿ. ಗೇರ್ ಗಾಡಿಯದೇ ಆಗಿರಬೇಕು, ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ನಡೆಯುವುದಿಲ್ಲ. ಡಿಜಿಲಾಕರ್‌ನಲ್ಲಿ ಇರುವ ಲೈಸೆನ್ಸಿಗೂ ಕಾನೂನಿನ ಬೆಲೆ ಇದೆ, ಆದರೂ ಕಾರ್ಡು ಮತ್ತು ಒಂದು ಝೆರಾಕ್ಸ್ ಜೇಬಿನಲ್ಲಿ ಇದ್ದರೆ ಕೆಲಸ ಬೇಗ ಆಗುತ್ತದೆ. ಹೆಲ್ಮೆಟ್ ನಿಮ್ಮದೇ ತನ್ನಿ. ಅವರು ಕೊಡುವುದು ಹತ್ತು ಜನ ಹಾಕಿ ಬೆವರಿದ್ದು, ನಿಮ್ಮ ತಲೆಗೆ ಸರಿಯಾಗಿ ಕೂರುವುದಿಲ್ಲ, ಓಡಿಸುವಾಗ ಗಮನ ಅದರ ಕಡೆಗೇ ಹೋಗುತ್ತದೆ. ಶೂ ಹಾಕಿ, ಚಪ್ಪಲಿ ಬೇಡ. ನೀವು ದಿನಾ ಹಾಕುವ ಶೂನೇ ಹಾಕಿ. ದಪ್ಪ ಅಡಿಯ ರೈಡಿಂಗ್ ಬೂಟು ಹಾಕಿಕೊಂಡು ಸೀಟ್ ಎತ್ತರ ನೋಡಿದರೆ ಲೆಕ್ಕ ತಪ್ಪುತ್ತದೆ.

ಈಗ ಫಾರ್ಮ್ ವಿಷಯ. ಗಾಡಿ ಕೊಡುವ ಮುಂಚೆ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ನಿಂತು ಓದಿ. ಎರಡು ವರ್ಷದ ಹಿಂದೆ ನಾನೂ ನನ್ನ ದೋಸ್ತನೂ ಒಂದು ಕ್ಯಾಂಪಿಗೆ ಹೋಗಿದ್ದೆವು, ಯಾವ ಕಂಪನಿ ಅನ್ನುವುದು ಬೇಡ. ಮೈದಾನದ ಕೊನೆಯಲ್ಲಿ ಯು-ಟರ್ನ್ ಇತ್ತು. ಅಲ್ಲಿ ಸಣ್ಣ ಕಡಿ, ಅಂದರೆ ಜಲ್ಲಿಕಲ್ಲು, ಬಿದ್ದಿತ್ತು. ಅವನು ನಿಧಾನವಾಗಿಯೇ ತಿರುಗಿಸಿದ, ಗಾಡಿ ಎಡಕ್ಕೆ ವಾಲಿತು, ಕಾಲು ಇಟ್ಟ, ನೆಲಕ್ಕೆ ತಾಗಿದ್ದು ಬರೀ ಬೆರಳಿನ ತುದಿ. ಅಷ್ಟೇ, ಗಾಡಿ ಮಲಗಿತು. ಅವನಿಗೆ ಏನೂ ಆಗಲಿಲ್ಲ. ಕ್ಲಚ್ ಲಿವರ್ ಮುರಿದಿತ್ತು, ಇಂಡಿಕೇಟರ್ ಒಡೆದಿತ್ತು. ಬಿಲ್ ಕೈಗೆ ಕೊಟ್ಟರು. ಬಿದ್ದರೆ ಖರ್ಚು ಓಡಿಸಿದವರದ್ದು ಅಂತ ಸಹಿ ಹಾಕಿದ ಹಾಳೆಯಲ್ಲೇ ಇತ್ತು. ಆ ಜಾಗದಲ್ಲಿ ಕಡಿ ಇದೆ ಅಂತ ಒಬ್ಬರೂ ಹೇಳಿರಲಿಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇದೆ. ಅದಕ್ಕೇ ಸಹಿ ಹಾಕುವ ಮುಂಚೆ ಮೂರು ಮಾತು ಕೇಳಿ: ಗಾಡಿಗೆ ಪೂರ್ತಿ ಇನ್ಶೂರೆನ್ಸ್ ಇದೆಯೇ, ಬಿದ್ದರೆ ನಮ್ಮ ಮೇಲೆ ಎಷ್ಟು ಬರುತ್ತದೆ, ರೈಡ್ ಯಾವ ದಾರಿಯಲ್ಲಿ. ಮೈದಾನವಾದರೆ ಟ್ರ್ಯಾಕನ್ನು ಒಮ್ಮೆ ನಡೆದುಕೊಂಡೇ ನೋಡಿ ಬನ್ನಿ. ಐದು ನಿಮಿಷ ಸಾಕು.

ಇನ್ನೊಂದು ಕೆಲಸ ಇದೆ, ಇದನ್ನು ಮಾಡುವವರು ಬಹಳ ಕಡಿಮೆ. ಟೆಸ್ಟ್ ರೈಡ್ ದಾರಿ ಗೊತ್ತಾದ ಕೂಡಲೇ ನಿಮ್ಮದೇ ಹಳೇ ಗಾಡಿಯಲ್ಲಿ ಆ ದಾರಿಯನ್ನು ಒಂದು ಸುತ್ತು ಹೊಡೆದು ಬನ್ನಿ. ಎಲ್ಲಿ ಹಂಪ್ ಇದೆ, ಎಲ್ಲಿ ತೆಗ್ಗು ಇದೆ, ಅಲ್ಲಿ ನಿಮ್ಮ ಗಾಡಿ ಹೇಗೆ ಹಾರುತ್ತದೆ ಅನ್ನುವುದು ಮೈಗೆ ನೆನಪಿರುತ್ತದೆ. ಹತ್ತು ನಿಮಿಷ ಬಿಟ್ಟು ಹೊಸ ಗಾಡಿಯಲ್ಲಿ ಅದೇ ತೆಗ್ಗು ದಾಟಿದಾಗ ಸಸ್ಪೆನ್ಷನ್ ಬಗ್ಗೆ ಯಾರೂ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿ ಕೈಗೆ ಬಂದ ತಕ್ಷಣ ಸ್ಟಾರ್ಟ್ ಮಾಡಬೇಡಿ. ಮೊದಲು ಎಂಜಿನ್ ಬಂದ್ ಇದ್ದಾಗಲೇ ಕೂತು, ಎರಡು ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಿ. ಸ್ವಲ್ಪ ಏರು ಇದ್ದರೆ ಇನ್ನೂ ಒಳ್ಳೆಯದು. ಧಾರವಾಡದ ಏರು-ಇಳಿವಿನ ಗಲ್ಲಿಯಲ್ಲಿ ಮನೆ ಇರುವವರಿಗೆ ಇದು ದಿನಕ್ಕೆ ಎರಡು ಸಲದ ಕೆಲಸ. ಸ್ಪ್ಲೆಂಡರ್ ಪ್ಲಸ್ ತೂಕ 112 ಕಿಲೋ, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಕ 195 ಕಿಲೋ. ಓಡುವಾಗ ಈ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಮನೆ ಮುಂದೆ ಗಟಾರದ ಪಕ್ಕ ಗಾಡಿ ಹಿಂದೆ ಸರಿಸುವಾಗ ತೋಳಿಗೆ ಗೊತ್ತಾಗುತ್ತದೆ. ಸೀಟ್ ಎತ್ತರದ ಅಂಕಿಯನ್ನೂ ಬರೀ ಕಾಗದದಲ್ಲಿ ನಂಬಬೇಡಿ. ಸ್ಪ್ಲೆಂಡರ್ 785 ಮಿಲಿಮೀಟರ್, ಕ್ಲಾಸಿಕ್ 805, ಅದೇ ಕಂಪನಿಯ ಹಿಮಾಲಯನ್ 450 ಗಾಡಿಯದು 825. ನೋಡಲು ಎರಡು-ನಾಲ್ಕು ಸೆಂಟಿಮೀಟರ್ ಅಷ್ಟೇ. ಆದರೆ ಸೀಟ್ ಅಗಲವಾದರೆ ತೊಡೆ ಹರಡಿ ಕಾಲು ಇನ್ನೂ ಮೇಲಾಗುತ್ತದೆ, ಸಸ್ಪೆನ್ಷನ್ ಮೆತ್ತಗಿದ್ದರೆ ನೀವು ಕೂತಾಗ ಸೀಟೇ ಕೆಳಗಿಳಿಯುತ್ತದೆ. ಕೂತೇ ನೋಡಬೇಕು.

ಕನ್ನಡಿ ಸರಿಮಾಡಿಕೊಳ್ಳಿ. ಟೈರನ್ನು ಕೈಯಿಂದ ಒತ್ತಿ ನೋಡಿ, ಮೆತ್ತಗೆ ಅನಿಸಿದರೆ ಗಾಳಿ ಚೆಕ್ ಮಾಡಿಸಿ. ಗಾಳಿ ಕಡಿಮೆ ಇದ್ದರೆ ಹ್ಯಾಂಡಲ್ ಭಾರ ಅನಿಸುತ್ತದೆ, ನೀವು ಅದನ್ನು ಗಾಡಿಯ ದೋಷ ಅಂದುಕೊಂಡು ಬಿಡುತ್ತೀರಿ. ಗೇರ್ ಹೇಗೆ ಅಂತ ಕೇಳಿ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರ್ ಮುಂದಕ್ಕೆ ಒತ್ತುವುದು. ಈಗಿನ ದೊಡ್ಡ ಗಾಡಿಗಳಲ್ಲಿ ಮೊದಲನೆಯದು ಮಾತ್ರ ಕೆಳಗೆ, ಉಳಿದದ್ದು ಮೇಲೆ. ಹತ್ತು ವರ್ಷ ಒಂದೇ ರೂಢಿ ಇದ್ದ ಕಾಲು ಗಡಿಬಿಡಿಯಲ್ಲಿ ಹಳೇದನ್ನೇ ಮಾಡುತ್ತದೆ.

ಇನ್ನು ರೈಡ್. ಕ್ಯಾಂಪಿನಲ್ಲಿ ಸಾಮಾನ್ಯವಾಗಿ ಮುಂದೆ ಒಬ್ಬ ಕಂಪನಿಯ ಹುಡುಗ, ಹಿಂದೆ ನಾಲ್ಕೈದು ಜನ. "ಅಣ್ಣಾರ, ಲೈನ್ ಬಿಡಬ್ಯಾಡ್ರಿ, ಮುಂದಿನ ಗಾಡಿ ದಾಟಬ್ಯಾಡ್ರಿ" ಅಂತ ಹೇಳಿಯೇ ಬಿಡುತ್ತಾರೆ. ಅದನ್ನು ಪಾಲಿಸಿ. ಸಾಧ್ಯವಾದರೆ ಸಾಲಿನಲ್ಲಿ ಕೊನೆಯವರಾಗಿ ನಿಲ್ಲಿ. ಹಿಂದಿನಿಂದ ಯಾರೂ ಒತ್ತುವುದಿಲ್ಲ, ಮುಂದಿನವರಿಂದ ಸ್ವಲ್ಪ ಅಂತರ ಬಿಟ್ಟರೆ ನಿಮಗೆ ಬೇಕಾದ ಹಾಗೆ ನಿಧಾನ ಮಾಡಿ ನೋಡಬಹುದು.

ಮೊದಲ ಎರಡು ನಿಮಿಷ ಸುಮ್ನೆ ಓಡಿಸಿ, ಏನೂ ಪರೀಕ್ಷೆ ಮಾಡಬೇಡಿ. ಕೈಕಾಲು ಹೊಂದಿಕೊಳ್ಳಲಿ. ಆಮೇಲೆ ಮೂರನೇ ಗೇರಿನಲ್ಲಿ 30ರಲ್ಲಿ ಹೋಗುತ್ತಾ, ಗೇರ್ ಇಳಿಸದೆ ಥ್ರಾಟಲ್ ಕೊಡಿ. ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಬೇರೆ ಪಟ್ಟಿ, ಆದ ಮೇಲೆ ಹುಬ್ಬಳ್ಳಿ-ಧಾರವಾಡದ ನಡುವೆ ರಸ್ತೆಯ ಮಧ್ಯದ ಪಟ್ಟಿ ಚಿಗರಿ ಬಸ್ಸಿಗೆ ಹೋಯಿತು, ನಾವು ಓಡಿಸುವುದು ಪಕ್ಕದ ಪಟ್ಟಿಯಲ್ಲಿ, ಆಟೋ, ಟಂಟಂ, ಲಾರಿಗಳ ಹಿಂದೆ. ಅಲ್ಲಿ ಬೇಕಾಗಿರುವುದು 30ರಿಂದ 55ಕ್ಕೆ ತಕರಾರಿಲ್ಲದೆ ಏರುವ ಎಂಜಿನ್. ಟಾರ್ಕ್, ಅಂದರೆ ಎಂಜಿನ್ನಿನ ಎಳೆತದ ಅಂಕಿ ನೋಡುವಾಗ, ಅದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಅಂದರೆ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಅಂತಲೂ ನೋಡಿ. ಕ್ಲಾಸಿಕ್ 350 ಗಾಡಿಯಲ್ಲಿ 27 ಎನ್‌ಎಂ ಇದೆ, 4,000 ಆರ್‌ಪಿಎಂಗೇ ಸಿಗುತ್ತದೆ. ಹಿಮಾಲಯನ್ 450 ಗಾಡಿಯಲ್ಲಿ 40 ಎನ್‌ಎಂ, ಆದರೆ 5,500ರಲ್ಲಿ. ಎರಡನೆಯದು ಶಕ್ತಿವಂತ, ಅದರಲ್ಲಿ ಮಾತಿಲ್ಲ. ಆದರೆ ಎರಡರ ಸ್ವಭಾವ ಬೇರೆ, ಊರೊಳಗೆ ನಿಮಗೆ ಯಾವುದು ಹಿತ ಅನ್ನುವುದು ನಿಮ್ಮ ಬಲಗೈಗೆ ತಿಳಿಯಬೇಕು.

ಹಂಪ್ ಬಂದಾಗ ನೀವು ದಿನಾ ದಾಟುವ ಸ್ಪೀಡಿನಲ್ಲೇ ದಾಟಿ. ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆಯೇ, ನಿಮ್ಮ ಬೆನ್ನಿನ ಕೆಳಗೆ ಏಟು ಬೀಳುತ್ತದೆಯೇ ಗಮನಿಸಿ. ಯು-ಟರ್ನನ್ನು ಎರಡೂ ಕಡೆಗೆ ಮಾಡಿ, ಕಾಲು ಕೆಳಗಿಡದೆ, ಹಿಂದಿನ ಬ್ರೇಕ್ ಸ್ವಲ್ಪ ಒತ್ತಿಕೊಂಡು, ಕಣ್ಣು ಹೋಗಬೇಕಾದ ಕಡೆಗೆ ಇಟ್ಟು. ನನ್ನ ದೋಸ್ತ ಬಿದ್ದಿದ್ದು ಇಲ್ಲೇ, ಹಾಗಾಗಿ ಕಡಿ ಇಲ್ಲದ ಜಾಗದಲ್ಲಿ ಮಾತ್ರ. ಗಾಡಿ ದೊಡ್ಡದಾದಷ್ಟೂ ಇದೇ ದೊಡ್ಡ ಪರೀಕ್ಷೆ.

ಬ್ರೇಕನ್ನು ಕೋನ್ ಇಟ್ಟ ಜಾಗದಲ್ಲಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ನೋಡಿ. 40ರಲ್ಲಿ ಬಂದು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿಯಿರಿ. 125 ಸಿಸಿ ಮೇಲಿನ ಹೊಸ ಗಾಡಿಗಳಿಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, 2019ರಿಂದ ಕಡ್ಡಾಯ. ಆದರೆ ಸಿಂಗಲ್ ಚಾನೆಲ್ ಅಂದರೆ ಅದು ಮುಂದಿನ ಗಾಲಿಗೆ ಮಾತ್ರ, ಹಿಂದಿನದು ಲಾಕ್ ಆಗಬಹುದು. ಎಬಿಎಸ್ ಕೆಲಸ ಮಾಡುವಾಗ ಲಿವರ್ ಕೈಯೊಳಗೆ ಟಕಟಕ ಅಂತ ಮಿಡಿಯುತ್ತದೆ. ಮೊದಲ ಸಲ ಅನುಭವಿಸುವವರು ಹೆದರಿ ಬ್ರೇಕ್ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಅದು ಹಾಗೇ ಇರುತ್ತದೆ.

ಶಾಖದ ಮಾತು ಬಾಕಿ ಇತ್ತಲ್ಲ. ರೈಡ್ ಮುಗಿದ ಮೇಲೆ ಗಾಡಿಯನ್ನು ಕೂಡಲೇ ಬಂದ್ ಮಾಡಬೇಡಿ. ಮೂರ್ನಾಲ್ಕು ನಿಮಿಷ ನ್ಯೂಟ್ರಲ್‌ನಲ್ಲಿ ಅದರ ಮೇಲೇ ಕೂತಿರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಚೆನ್ನಮ್ಮ ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದರೆ ಹೇಗಿರುತ್ತದೆ ಅಂತ ತಿಳಿಯಲು ಇದೇ ಉಪಾಯ. ಲಿಕ್ವಿಡ್ ಕೂಲ್, ಅಂದರೆ ಎಂಜಿನ್ನನ್ನು ದ್ರವದಿಂದ ತಣಿಸುವ ಗಾಡಿಯಾದರೆ ಫ್ಯಾನ್ ಶುರುವಾಗುವ ತನಕ ಕಾಯಿರಿ, ಬಿಸಿಗಾಳಿ ನಿಮ್ಮ ಮೊಣಕಾಲಿಗೆ ಬರುತ್ತದೆಯೇ ಅಥವಾ ಹೊರಗೆ ಹೋಗುತ್ತದೆಯೇ ನೋಡಿ.

ಇಳಿದ ಮೇಲೆ ಯಾರ ಜೊತೆಗೂ ಮಾತಿಗೆ ನಿಲ್ಲಬೇಡಿ. ಪಕ್ಕಕ್ಕೆ ಹೋಗಿ ಒಂದು ಚಹಾ ತಗೊಂಡು, ಅನಿಸಿದ್ದನ್ನೆಲ್ಲ ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿಕೊಳ್ಳಿ. ಮಣಿಕಟ್ಟು ನೋವಾಯಿತೇ, ಕೈಯಲ್ಲಿ ಜುಮ್ಮೆನ್ನುವ ಕಂಪನ ಯಾವ ಸ್ಪೀಡಿನಲ್ಲಿ ಬಂತು, ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣಿಸಿತೇ. ಒಂದೇ ದಿನ ಮೂರು ಗಾಡಿ ಓಡಿಸಿದರೆ ಸಂಜೆಗೆ ಎಲ್ಲ ಕಲಸಿಹೋಗುತ್ತದೆ.

ಸೇಲ್ಸ್ ಹುಡುಗರು ಬಂದು "ಇವತ್ತೇ ಬುಕ್ ಮಾಡಿದರೆ ಆಫರ್" ಅನ್ನುತ್ತಾರೆ. ಅದು ಅವರ ಕೆಲಸ, ಬೇಜಾರು ಬೇಡ. ಆಫರನ್ನು ಕೊಟೇಶನ್ ಮೇಲೆ ಬರೆಸಿಕೊಂಡು, ಎಷ್ಟು ದಿನ ನಡೆಯುತ್ತದೆ ಅಂತ ಕೇಳಿ ಮನೆಗೆ ಹೋಗಿ. ಎಕ್ಸ್ ಶೋರೂಂ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್, ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ 2018ರಿಂದ ಕಡ್ಡಾಯ, ಆದರೆ ಅದನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತ ಇಲ್ಲ. ಹಳೇ ಬೆಲೆಯ ಪಟ್ಟಿ ಇಟ್ಟುಕೊಂಡು ಹೋಲಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಗಾಡಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು, ಅದರ ಮೇಲಿನದಕ್ಕೆ 40 ಆಯಿತು. ಹೀಗಾಗಿ 350 ಮತ್ತು 450ರ ನಡುವಿನ ಬೆಲೆಯ ಅಂತರ ಮೊದಲಿನ ಹಾಗೆ ಉಳಿದಿಲ್ಲ.

ದುಡ್ಡು ಕೊಡುವ ಮುಂಚೆ ವಾರದ ಮಧ್ಯೆ ಶೋರೂಮಿಗೆ ಇನ್ನೊಂದು ಸಲ ಹೋಗಿ. ಕ್ಯಾಂಪಿನಲ್ಲಿ ಹಿಂದೆ ಕೂರಿಸಲು ಬಿಡುವುದು ಕಡಿಮೆ, ಬುಧವಾರ ಗುರುವಾರ ಆದರೆ ಒಪ್ಪುತ್ತಾರೆ. ನಿಮ್ಮ ಹಿಂದೆ ದಿನಾ ಕೂರುವವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ, ಅವರಿಗೂ ಹೆಲ್ಮೆಟ್ ಇರಲಿ. ನಾನು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಗಾಡಿ ನನಗೆ ಬಹಳ ಹಿಡಿಸಿತ್ತು. ಅವ್ವ ಇಳಕಲ್ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ನನ್ನ ಹೆಗಲ ಮೇಲಿಟ್ಟು ಹತ್ತಲು ನೋಡಿದಳು. "ಕಾಲ್ ಎಲ್ಲಿ ಇಡ್ಲೆಪಾ?" ಅಂದಳು. ಫುಟ್‌ರೆಸ್ಟ್ ಅಷ್ಟು ಮೇಲಿತ್ತು. ಹಿಂದೆ ಹಿಡಿಯಲು ಹಿಡಿಕೆ ಇತ್ತು, ಸೀರೆ ಗಾರ್ಡ್ ಡೆಮೋ ಗಾಡಿಗೆ ಹಾಕಿರಲಿಲ್ಲ. ನಿಯಮದ ಪ್ರಕಾರ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಗಾಲಿಗೆ ಮರೆ ಮೂರೂ ಇರಬೇಕು, ಇದನ್ನು ಕೇಳಿಯೇ ಹಾಕಿಸಿಕೊಳ್ಳಿ. ಹಾಗೂ ಹೀಗೂ ಹತ್ತಿಸಿಕೊಂಡು ಒಂದು ಸುತ್ತು ಹೋದೆವು. ಪ್ರತಿ ಬ್ರೇಕಿಗೂ ಅವ್ವ ನನ್ನ ಬೆನ್ನಿಗೆ ಜಾರಿ ಬರುತ್ತಿದ್ದಳು, ಸೀಟು ಮುಂದಕ್ಕೆ ಇಳಿಜಾರಾಗಿತ್ತು. ವಾಪಸ್ ಬಂದು ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿ, ಪಕ್ಕದಲ್ಲಿದ್ದ ಚಪ್ಪಟೆ ಸೀಟಿನ ಗಾಡಿ ತೋರಿಸಲು ಹೇಳಿದೆ. ಅದರ ಮೇಲೆ ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಅದನ್ನೇ ಬರೆಸಿದೆವು.