ಟೋಕನ್ ಅದಲುಬದಲು ಬಿಟ್ಟು ಫೀ ಪಾಲಿಗೆ ಬಂದೆವು: ನನ್ನ ಅನುಭವ

ನಾನು ಕಲಬುರಗಿಯವ. ನಮ್ಮದೊಂದು ಸಣ್ಣ ಕ್ರಿಪ್ಟೋ ವಾಲೆಟ್ ಅದ, ಅಂದ್ರ ಮಂದಿ ತಮ್ಮ ಟೋಕನ್ (ಡಿಜಿಟಲ್ ನಾಣ್ಯ) ಇಟ್ಕೊಳ್ಳೋ ಆಪ್, ಟೀಮಿನಾಗ ಐದೇ ಮಂದಿ, ಬ್ಯಾರೆ ಪ್ರಾಜೆಕ್ಟಿನವರ ಜೋಡಿ ಮಾತುಕತಿ ಆಡೋದು ನನ್ನ ಪಾಲಿನ ಕೆಲಸ.

ಮೊದಲ್ನೇ ಪಾರ್ಟ್ನರ್‌ಶಿಪ್ 2021ರ ನವೆಂಬರ್‌ದಾಗ, ಬಿಟ್‌ಕಾಯಿನ್ 69 ಸಾವಿರ ಡಾಲರ್ ಹತ್ರ ಹೋಗಿದ್ದ ತಿಂಗಳು, ಎಲ್ಲಾರೂ ಎಲ್ಲಾರ ಜೋಡಿ ಪಾರ್ಟ್ನರ್ ಆಗ್ತಿದ್ರು. ಒಂದು ಗೇಮಿಂಗ್ ಪ್ರಾಜೆಕ್ಟಿನವರು ಬಂದ್ರು, ಅವರ ಟೋಕನ್ ನಮಗ, ನಮ್ಮದು ಅವರಿಗೆ, ಆ ದಿನದ ರೇಟಿಗೆ, ಎರಡೂ ಕಡೆ ಅನೌನ್ಸ್‌ಮೆಂಟ್, ಮುಗೀತು. ಇಷ್ಟು ದಿನ ಮಾರಬಾರದು ಅನ್ನೋ ಲಾಕ್ ಇಲ್ಲ, ಏನಿಲ್ಲ. ಎರಡು ವಾರದಾಗ ನಮ್ಮ ಟೋಕನ್ ಅವರ ವಾಲೆಟ್‌ನಿಂದ ಎಕ್ಸ್‌ಚೇಂಜಿಗೆ ಹೋಗಿದ್ದು ಚೈನ್ ಮ್ಯಾಲೇ, ಅಂದ್ರ ಎಲ್ಲಾರಿಗೂ ಕಾಣೋ ಬ್ಲಾಕ್‌ಚೈನ್ ಲೆಕ್ಕದಾಗ, ಕಾಣಿಸ್ತು. ನಮ್ಮ ರೇಟ್ ಬಿತ್ತು, ಅವರದ್ದು ಮಾರೋಣಂದ್ರ ಪೂಲ್‌ನಾಗ ಲಿಕ್ವಿಡಿಟಿನೇ (ಮಾರಿದ್ರ ಬದಲಿಗೆ ಸಿಗೋ ರೊಕ್ಕ) ಇಲ್ಲ. ನಮ್ಮನ್ನ ನಂಬಿ ತಗೊಂಡವರು ಕೇಳಿದ್ರ ಹೇಳ್ಲಾಕ ನನ್ನ ಹತ್ರ ಮಾತಿರಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ನಮ್ಮ ಕಾಕಾ ನೆಹರು ಗಂಜಿನಾಗ ಅಡತಿ ಅಂಗಡ್ಯಾಗ ಗುಮಾಸ್ತ ಇದ್ದವರು. ಎಲ್ಲಾ ಕೇಳಿ ಒಂದೇ ಮಾತು ಕೇಳಿದ್ರು, "ತಮ್ಮಾ, ಅವರಿಗೆ ನಿನ್ನಿಂದ ಖರೆ ಏನು ಬೇಕಾಗಿತ್ತು?" ನನಗ ಗೊತ್ತಿರಲಿಲ್ಲ. ಗಂಜಿನಾಗ ತೊಗರಿ ತೇವ ನೋಡದ ಯಾರೂ ರೇಟ್ ಹೇಳಂಗಿಲ್ಲ, ನಾನು ಏನೂ ನೋಡದ ಕೈ ಕೊಟ್ಟಿದ್ದೆ.

2023ರಾಗ ಒಂದು ಡೆಕ್ಸ್ (ನಡುವ ಕಂಪನಿ ಇಲ್ಲದ, ಕೋಡೇ ಟೋಕನ್ ಬದಲಿಸಿ ಕೊಡೋ ಎಕ್ಸ್‌ಚೇಂಜ್) ಟೀಮ್ ಜೋಡಿ ಮಾತು ಶುರು ಆಯ್ತು. ಈ ಸಲ ಕಾಲ್‌ಗಿಂತ ಮೊದಲು ಎರಡು ವಾರ ಅವರ ಪ್ರಾಡಕ್ಟ್ ನಾನೇ ಬಳಸಿದೆ, ಅವರ ಕೋಡಿನ ಆಡಿಟ್ ರಿಪೋರ್ಟ್ ಓದಿದೆ, ಅಡ್ಮಿನ್ ಕೀಲಿ (ವ್ಯವಸ್ಥಾ ಬದಲಿಸೋ ಅಧಿಕಾರದ ಡಿಜಿಟಲ್ ಕೀಲಿ) ಯಾರ ಕೈಯಾಗ ಅವ ಅಂತ ಹುಡುಕಿದೆ. 2022ರ ಮಾರ್ಚ್‌ದಾಗ ರೋನಿನ್ ಬ್ರಿಡ್ಜ್ ಅಂತ ಒಂದು ಚೈನಿನಿಂದ ಇನ್ನೊಂದಕ್ಕ ಟೋಕನ್ ಸಾಗಿಸೋ ವ್ಯವಸ್ಥಾದ 9 ಕೀಲಿಯೊಳಗ 5 ಕಳ್ಳರ ಕೈಗೆ ಸಿಕ್ಕು 60 ಕೋಟಿ ಡಾಲರ್‌ಗಿಂತ ಹೆಚ್ಚು ಹೋಯ್ತಲ್ಲ, ಅದಾದ ಮ್ಯಾಲೆ ಕೀಲಿ ನೋಡದ ನಾನು ಮುಂದಿನ ಮಾತೇ ಆಡಂಗಿಲ್ಲ.

ಮೊದಲ್ನೇ ಕಾಲ್‌ನಾಗ ರೇಟಿನ ಸುದ್ದಿ ಎತ್ತಲಿಲ್ಲ. ಆರು ತಿಂಗಳದಾಗ ನಿಮಗ ಯಾವ ನಂಬರ್ ಏರಬೇಕು ಅಂದೆ. ಡೌನ್‌ಲೋಡ್ ಅಲ್ಲ, ಒಂದು ಸಲ ಸ್ವಾಪ್ (ಒಂದು ಟೋಕನ್ ಕೊಟ್ಟು ಇನ್ನೊಂದು ತಗೊಳ್ಳೋದು) ಮಾಡಿದವರು 30 ದಿನದ ಮ್ಯಾಲೂ ವಾಪಸ್ ಬರಬೇಕು ಅಂದ್ರು. ಅದನ್ನೇ ಕರಾರಿನಾಗ ಬರೆಸಿದೆ.

ಅವರೂ ಟೋಕನ್ ಅದಲುಬದಲು ಕೇಳಿದ್ರು. ನಮ್ಮ ಸಿಎ ಸ್ಪಷ್ಟ ಹೇಳಿದ್ರು, ಟೋಕನ್‌ಗೆ ಟೋಕನ್ ಕೊಟ್ರೂ ಅದು ಟ್ರಾನ್ಸ್‌ಫರ್ರೇ, 2022ರ ಏಪ್ರಿಲ್ 1ರಿಂದ ಲಾಭದ ಮ್ಯಾಲೆ 30% ಟ್ಯಾಕ್ಸ್, ಜುಲೈ 1ರಿಂದ 1% ಟಿಡಿಎಸ್, ಒಂದರಾಗಿನ ಲಾಸ್ ಇನ್ನೊಂದರ ಲಾಭದಾಗ ಕಳಿಲಾಕ ಬರಂಗಿಲ್ಲ. ಇದನ್ನ ಮುಚ್ಚಿಡದ ಅವರಿಗೆ ಹೇಳಿದೆ, ನಾವು ಸುಮ್ನ ಬ್ಯಾಡ ಅನ್ನಾಕತ್ತಿಲ್ಲ ಅಂತ ಅವರಿಗೆ ತಿಳೀತು. ಅದಲುಬದಲು ಬಿಟ್ಟು ನಮ್ಮ ವಾಲೆಟ್‌ನಿಂದ ಆಗೋ ಸ್ವಾಪ್ ಫೀದಾಗ ಪಾಲು ಅಂತ ಆಯ್ತು, ಅವರು 20% ಅಂದ್ರು, ನಾನು 50 ಕೇಳಿದೆ, 35ಕ್ಕ ನಿಂತಿತು. ಪಾಲು ಸ್ಮಾರ್ಟ್ ಕಾಂಟ್ರಾಕ್ಟೇ, ಅಂದ್ರ ಚೈನ್ ಮ್ಯಾಲಿನ ಕೋಡೇ, ಹಂಚ್ತದ, ತಿಂಗಳಾ ತಿಂಗಳಾ ಯಾರೂ ಯಾರ್ನೂ ಕೇಳೋದಿಲ್ಲ.

ಜಗಳ ಆಗಿದ್ದು ಬ್ಯಾರೆ ಕಡೆ. ಎಲ್ಲಾ ಸ್ವಾಪ್ ಅವರಲ್ಲೇ ಆಗಬೇಕು ಅಂತ ಹಠ ಹಿಡಿದ್ರು. ಅವರ ಅಂಜಿಕೆ ಖರೆನೇ ಇತ್ತು, ನಾವು ಮೂರು ತಿಂಗಳಿಗೆ ಇನ್ನೊಬ್ಬರ್ನ ಹಾಕಿದ್ರ ಅವರ ಕೆಲಸ ನೀರಪಾಲು. ಆದ್ರ ಬ್ಯಾರೆ ಕಡೆ ಚಲೋ ರೇಟ್ ಸಿಗ್ತಿದ್ದಾಗ ನಮ್ಮ ಮಂದಿಗೆ ಕಮ್ಮಿ ಕೊಡಿಸೋದು ನನಗ ಆಗಂಗಿಲ್ಲ. ಮೂರು ಕಾಲ್ ಇದರ ಮ್ಯಾಲೇ ಹೋದ್ವು. ಕಡೀಗೆ ಆರು ತಿಂಗಳು ಅವರದ್ದೇ ಮೊದಲು ತೋರಸ್ತೀವಿ, ರೇಟ್ ಅರ್ಧ ಪರ್ಸೆಂಟ್‌ಗಿಂತ ಕೆಟ್ಟಿದ್ರ ಚಲೋ ಇದ್ದಲ್ಲಿಗೆ ಹೋಗ್ತದ ಅಂತ ಆಯ್ತು. ಹ್ಯಾಕ್ ಆದ್ರ ಯಾರೂ ಯಾರ್ನೂ ಕೇಳದ ಬಂದ್ ಮಾಡಬಹುದು, ಬಿಟ್ಟು ಹೋಗ್ಲಾಕ 15 ದಿನದ ನೋಟಿಸ್.

ಮೂರು ತಿಂಗಳಿಗೆ ವಾಪಸ್ ಬರೋರ ನಂಬರ್ ಕಮ್ಮಿ ಬಂತು. ಅವರು ಕೇಳೋಕಿಂತ ಮೊದಲೇ ನಾನೇ ಕಳಿಸಿದೆ. ಕುಂತು ನೋಡಿದ್ರ, ಸ್ಲಿಪೇಜ್ ಎರರ್ (ನಡುವ ರೇಟ್ ಬದಲಾಗಿ ಸ್ವಾಪ್ ನಿಂತ್ರ ಬರೋ ಸಂದೇಶ) ಇಂಗ್ಲಿಷ್‌ನಾಗ ಬರ್ತಿತ್ತು, ನಮ್ಮ ಮಂದಿ ರೊಕ್ಕ ಹೋಯ್ತು ಅಂತ ಅಂಜಿ ಮತ್ತ ಬರ್ತಿರಲಿಲ್ಲ. ಅವರ ಡೆವಲಪರ್ ಎರರ್ ಕೋಡ್ ಎಲ್ಲಾ ಬಿಡಿಸಿ ಕೊಟ್ಟ, "ರೇಟ್ ಬದಲಾಗ್ಯದ, ನಿಮ್ಮ ಟೋಕನ್ ನಿಮ್ಮ ವಾಲೆಟ್‌ನಾಗೇ ಅದ" ಅಂತ ನಾವು ಕನ್ನಡದಾಗ ಬರೆದ್ವಿ. ವಾಪಸ್ ಬರೋರು ಏರಿದ್ರು, ಆರು ತಿಂಗಳಿನ ಕರಾರು ಅದೇ ಪಾಲಿನ ಮ್ಯಾಲೆ ಒಂದು ವರ್ಷಕ್ಕ ಬೆಳಸಿದ್ವಿ.