ಗಾಳಿ ನೋಡಿ ಇಳಿಜಾರು ಆರಿಸಿದ್ದು

ಶಿರಸಿಯಲ್ಲಿ ಹಿಮಕುಸಿತದ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು, 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮದಡಿಯಿಂದ ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕು, ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. ಹೀಗಾಗಿ ನಾನು ಸ್ಕೀಯಿಂಗ್‌ಗೆಂದು ಗುಲ್ಮರ್ಗ್‌ಗೆ ಹೊರಟಾಗಲೆಲ್ಲ, ಅಲ್ಲಿ ಹಿಮ ಬೀಳುತ್ತಿದೆಯೇ ಎಂದು ಮನೆಯವರು ವಿಚಾರಿಸುತ್ತಾರೆ. ಹಿಮ ನಿಂತು ಆಕಾಶ ತಿಳಿಯಾದ ಮೇಲೂ ಬೀಸುತ್ತಿರುವ ಗಾಳಿಯನ್ನು ಯಾರೂ ಕೇಳುವುದಿಲ್ಲ; ನನಗಾದರೋ ಅದರದ್ದೇ ಹೆಚ್ಚಿನ ಚಿಂತೆ.

ನಮ್ಮ ಸಹ್ಯಾದ್ರಿಯಲ್ಲಿ ಗಾಳಿಗೆ ಎದುರಾದ ಬದಿಗೆ ಮಳೆ ಹೆಚ್ಚು. ದೇವಿಮನೆ ಘಟ್ಟ ತೊಯ್ದು ತೊಪ್ಪೆಯಾದಾಗಲೂ ಮುಂಡಗೋಡಿನಲ್ಲಿ ಅಷ್ಟು ಸುರಿಯುವುದಿಲ್ಲ. ಹಿಮದ ಬೆಟ್ಟದಲ್ಲಿ ಗಾಳಿಯ ಲೆಕ್ಕ ತಿರುಗುಮುರುಗು. ಅದು ಎದುರು ಬದಿಯ ಸಡಿಲ ಹಿಮವನ್ನು ಕೆರೆದೆತ್ತಿ ನೆತ್ತಿ ದಾಟಿಸಿ ಮರೆಯ ಬದಿಯಲ್ಲಿ ಸುರಿಯುತ್ತದೆ, ಅದೂ ಕೆಲವೊಮ್ಮೆ ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗದಲ್ಲಿ. ದಾರಿಯಲ್ಲಿ ಹರಳುಗಳು ಪುಡಿಯಾಗಿ ಒತ್ತಾಗಿ ಕೂರುವುದರಿಂದ ಗಟ್ಟಿ ಹಿಮದ ಹಲಗೆಯೊಂದು ಏಳುತ್ತದೆ. ಅದರಡಿಯ ಪದರ ದುರ್ಬಲವಾಗಿದ್ದರೆ ಒಬ್ಬ ಮನುಷ್ಯನ ಭಾರಕ್ಕೇ ಇಡೀ ಹಲಗೆ ಜಾರಬಹುದು.

ಕಳೆದ ಸಲ ಗುಲ್ಮರ್ಗ್‌ನ ಮೇಲಿರುವ ಅಫರ್ವಾತ್ ಬೆಟ್ಟದಲ್ಲಿ ಗೊಂಡೊಲಾ (ಕೇಬಲ್ ಕಾರ್) ಇಳಿದಾಗ ನೆತ್ತಿಯಿಂದ ಹಿಮದ ಧೂಳು ಬಾವುಟದ ಹಾಗೆ ಪೂರ್ವಕ್ಕೆ ಹಾರುತ್ತಿತ್ತು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒದ ಸಂಸ್ಥೆಯಾದ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆಯನ್ನು ಓದಿಯೇ ಹೋಗಿದ್ದೆವು, ಆದರೆ ಅದು ಜಿಲ್ಲಾವಾರು. ಕಾಲ ಕೆಳಗಿನ ಇಳಿಜಾರನ್ನು ನಾವೇ ಪರೀಕ್ಷಿಸಬೇಕು. ಸಮತಟ್ಟಾದ ಕಡೆ ಹೆಜ್ಜೆಯಿಟ್ಟಾಗ ಹಿಮ ಟೊಳ್ಳಾಗಿ ಸದ್ದು ಮಾಡಿತು, ಸ್ಕೀಯ ಮುಂದೆ ಬಿರುಕೊಂದು ಓಡಿತು. ಅಡಿಯ ಪದರ ದುರ್ಬಲವೆಂದು ತಿಳಿಯಲು ನನ್ನ ಮಟ್ಟಿಗೆ ಅಷ್ಟು ಸಾಕು, ಗುಂಡಿ ತೋಡಿ ಪದರ ಎಣಿಸುವ ಅಗತ್ಯವೇ ಇರಲಿಲ್ಲ. ನಾವು ಇಳಿಯಬೇಕೆಂದಿದ್ದ ಮರೆಬದಿಯ ಓರೆ ಅಳೆದರೆ 37 ಡಿಗ್ರಿ ಬಂತು. ಹಲಗೆಗಳು ಜಾರುವುದು ಬಹುಪಾಲು 30ರಿಂದ 45 ಡಿಗ್ರಿಗಳ ನಡುವೆಯೇ.

ಟ್ರಾನ್ಸೀವರ್ (ಹೂತವರ ಸುಳಿವು ಕೊಡುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಎಲ್ಲರ ಬಳಿಯೂ ಇದ್ದವು. ಅವು ಹೂತವರನ್ನು ಹುಡುಕುವ ಸಾಧನಗಳೇ ಹೊರತು ಹೂಳುವುದನ್ನು ತಡೆಯುವಂಥವಲ್ಲ, ಹುಡುಕಲು ಸಿಗುವ ಸಮಯವೂ ಹತ್ತು–ಹದಿನೈದು ನಿಮಿಷ ಮಾತ್ರ. ಆದ್ದರಿಂದ ಓರೆ 25 ಡಿಗ್ರಿಗಿಂತ ಕಡಿಮೆಯಿರುವ, ಮೇಲೆ ಕಡಿದಾದ ಇಳಿಜಾರಿಲ್ಲದ ದಾರಿ ಹಿಡಿದು ಬಾಬಾರೇಶಿ ಕಡೆಯ ಕಾಡಿಗೆ ಇಳಿದೆವು. ಮರುದಿನ ಗಾಳಿ ಪೂರ್ತಿ ನಿಂತಿತು, ಬಿಸಿಲೂ ಚೆನ್ನಾಗಿತ್ತು. ಜೊತೆಗಿದ್ದವರಲ್ಲಿ ಒಬ್ಬರು ಮರೆಬದಿಗೆ ಹೋಗೋಣವೆಂದರು. ಅಡಿಯಲ್ಲಿ ಒಂದಕ್ಕೊಂದು ಅಂಟದ ಹರಳುಗಳ ಪದರವಿದ್ದರೆ ಹಲಗೆ ಕಚ್ಚಿಕೊಳ್ಳಲು ವಾರಗಳೇ ಬೇಕಾಗಬಹುದೆಂದು ನಾನು ಹೇಳಿದೆ; ಅಂದೂ ಕಾಡಿನಲ್ಲೇ ಇಳಿದೆವು.