ಅಕಾಡಿಯದ ನಾಟಕವನ್ನು ಕಿವಿಯಿಂದ ಓದುವ ಬಗೆ

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಅಕಾಡಿಯನ್ನರು, ಅಂದರೆ ಹಿಂದೆ ಫ್ರಾನ್ಸಿನಿಂದ ವಲಸೆ ಬಂದವರ ವಂಶಸ್ಥರು, ಇಂಗ್ಲಿಷಿನ ನಡುವೆ ಫ್ರೆಂಚ್ ಉಳಿಸಿಕೊಂಡು ಬಂದವರು. ಅವರ ರಂಗಭೂಮಿಯನ್ನು ಅರಿಯಬಯಸುವವರು ಆಂತೊನಿನ್ ಮಾಯೆ ಬರೆದು 1971ರಲ್ಲಿ ಪ್ರಕಟವಾದ 'ಲಾ ಸಾಗ್ವೀನ್' ಕೃತಿಯಿಂದ ಆರಂಭಿಸುವುದು ಒಳ್ಳೆಯದು. ಕಂಡವರ ಮನೆಯ ನೆಲ ಒರೆಸಿ ಬದುಕುವ 72 ವರ್ಷದ ಹೆಂಗಸೊಬ್ಬಳು ಅದರಲ್ಲಿ ಒಬ್ಬಳೇ ಮಾತನಾಡುತ್ತಾಳೆ.

ಓದುವ ಮೊದಲು ಎರಡು ಇಸವಿಗಳನ್ನು ನೆನಪಿಟ್ಟುಕೊಳ್ಳಿ. 1755ರಲ್ಲಿ ಬ್ರಿಟಿಷರು ಅಕಾಡಿಯನ್ನರನ್ನು ಅವರ ನೆಲದಿಂದ ಹೊರದಬ್ಬಲು ತೊಡಗಿದರು. 1969ರಲ್ಲಿ ನ್ಯೂ ಬ್ರನ್ಸ್‌ವಿಕ್ ಇಂಗ್ಲಿಷಿನ ಜೊತೆ ಫ್ರೆಂಚಿಗೂ ಅಧಿಕೃತ ಸ್ಥಾನ ಕೊಡುವ ತನ್ನ ಅಧಿಕೃತ ಭಾಷೆಗಳ ಕಾಯ್ದೆಯನ್ನು ಅಂಗೀಕರಿಸಿತು.

ಇಂಗ್ಲಿಷ್ ಅನುವಾದವನ್ನು ಮೊದಲು ಕೈಗೆತ್ತಿಕೊಳ್ಳಬೇಡಿ, ಏಕೆಂದರೆ ಈ ಜನರನ್ನು ಒತ್ತುತ್ತಿರುವ ಭಾಷೆಯೇ ಅದು. ನಿಮಗೆ ಫ್ರೆಂಚ್ ಬಾರದಿದ್ದರೂ, ಈ ಪಾತ್ರವನ್ನು ದಶಕಗಳ ಕಾಲ ಅಭಿನಯಿಸಿದ ವಿಯೋಲಾ ಲೆಜೆ ಅವರ ಧ್ವನಿಯನ್ನು ಕೇಳಿ. ಅಲ್ಲಿ 'ಜಾವ್ಯೋಂ' ಎಂಬಂಥ ರೂಪಗಳು ಕಿವಿಗೆ ಬೀಳುತ್ತವೆ: 'ನಾನು' ಎಂಬ ಸರ್ವನಾಮಕ್ಕೆ 'ನಾವು' ಎಂಬುದರ ಕ್ರಿಯಾಪದ ಸೇರಿದೆ. ಇಂದಿನ ಶಾಲಾ ವ್ಯಾಕರಣಕ್ಕೆ ಇದು ತಪ್ಪು. ಆದರೆ ಇದು ವಲಸೆ ಬಂದ ಹಿರಿಯರು ಫ್ರಾನ್ಸಿನಿಂದ ತಂದ ಹಳೆಯ ಆಡುನುಡಿಯ ಉಳಿಕೆ. ಅಸ್ಮಿತೆ ಈ ನಾಟಕದಲ್ಲಿ ಘೋಷಣೆಗಳಿಗಿಂತ ಹೆಚ್ಚಾಗಿ ಇಂಥ ಪ್ರತ್ಯಯಗಳಲ್ಲಿದೆ ಎಂಬುದು ನನ್ನ ದೃಢ ನಂಬಿಕೆ.

ಜನಗಣತಿಯ ಪ್ರಸಂಗಕ್ಕೆ ಬಂದಾಗ ನಿಧಾನಿಸಿ. ನಿಮ್ಮ ರಾಷ್ಟ್ರೀಯತೆ ಯಾವುದೆಂಬ ಪ್ರಶ್ನೆ ಬಂದಾಗ ಆಕೆ ಒಂದೊಂದನ್ನೇ ಎತ್ತಿ ನೋಡುತ್ತಾಳೆ: ಅಮೆರಿಕದವರಲ್ಲ, ಇಂಗ್ಲಿಷ್ ಆಡುವ ಕೆನಡಾದವರಲ್ಲ, ಫ್ರೆಂಚ್ ಆಡುವ ಕೆಬೆಕ್ ಪ್ರಾಂತ್ಯದವರಲ್ಲ, ಫ್ರಾನ್ಸಿನವರೂ ಅಲ್ಲ. ಕೊನೆಗೆ ಅಕಾಡಿಯನ್ನರು ಎಂದರೆ, ಆ ಹೆಸರಿನ ದೇಶವೇ ಭೂಗೋಳದಲ್ಲಿಲ್ಲವೆಂದು ಗಣತಿದಾರರು ಬರೆದುಕೊಳ್ಳಲು ಒಪ್ಪುವುದಿಲ್ಲ. ಈ ಭಾಗವನ್ನು ಗಟ್ಟಿಯಾಗಿ ಓದಿ. ಪ್ರತಿ 'ಅಲ್ಲ'ದ ನಂತರ ಒಂದು ಉಸಿರಿನಷ್ಟು ಬಿಡುವು ಕೊಡಿ. ಪ್ರತಿಭಟನೆಯ ಏರುಧ್ವನಿ ಇಲ್ಲಿ ಸಲ್ಲದು. ಆಕೆ ನಿಜವಾಗಿಯೂ ಉತ್ತರ ಹುಡುಕುತ್ತಿದ್ದಾಳೆ, ಮತ್ತು ಆ ಪ್ರಾಮಾಣಿಕತೆಯೇ ನಮ್ಮನ್ನು ಕಲಕುತ್ತದೆ.

ಕನ್ನಡಕ್ಕೆ ತರುವ ಮನಸ್ಸಾದರೆ, ಗ್ರಂಥಸ್ಥ ಭಾಷೆಯನ್ನೂ ಯಾವ ಊರಿಗೂ ಸೇರದ ಕಲಬೆರಕೆ 'ಹಳ್ಳಿ ಭಾಷೆ'ಯನ್ನೂ ಬಿಟ್ಟು, ನೀವು ಆಡಿ ಬೆಳೆದ ಒಂದೇ ಊರಿನ ಮಾತನ್ನು ಹಿಡಿಯಿರಿ. ಆದರೆ ಕತೆಯನ್ನು ಆ ಊರಿಗೆ ಎಳೆದು ತರಬೇಡಿ. ಆಕೆಯ ಕಡಲು, ಚಳಿಗಾಲ, ಗಂಡ ಗಾಪಿಯ ಹೆಸರು ಅಲ್ಲಿಯವೇ ಆಗಿರಲಿ. ಕರಡು ಸಿದ್ಧವಾದ ಮೇಲೆ ಅದೇ ಮಾತಾಡುವ ಹಿರಿಯರೊಬ್ಬರ ಮುಂದೆ ಓದಿ. ಅವರು ಆಕೆಯ ಮಾತಿನ ಅರ್ಥಕ್ಕೆ ನಗದೆ ನುಡಿಯ ವಿಚಿತ್ರಕ್ಕೆ ನಕ್ಕರೆ, ಆ ಸಾಲನ್ನು ಮತ್ತೆ ಬರೆಯಿರಿ.